ಬಾಟಲಿ ಕುದಿಸಿದ ಮೇಲೆ: ಬಸವಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ ಹಸುಗೂಸಿನ ಹಾಲು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳು ಸಮುದ್ರಮಟ್ಟದಿಂದ 600 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಇರುವುದರಿಂದ ಅಲ್ಲಿನ ಒಲೆಗಳ ಮೇಲೆ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ, ಸುಮಾರು 98 ಡಿಗ್ರಿಗೆ, ಕುದಿಯತೊಡಗುತ್ತದೆ. ಹಸುಗೂಸಿನ ಹಾಲಿನ ಬಾಟಲಿಯನ್ನು ಮನೆಯಲ್ಲಿ ಕುದಿಸಿ ಶುದ್ಧಮಾಡುವವರಿಗೆ ಈ ಎರಡು ಡಿಗ್ರಿಯ ಕೊರತೆಯಿಂದ ಯಾವ ತೊಡಕೂ ಇಲ್ಲ. ವಾಂತಿ–ಭೇದಿ, ವಿಷಮಶೀತ ಜ್ವರ, ಕಾಮಾಲೆಗಳನ್ನು ತರುವ ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳು ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಸಾಯುತ್ತವೆ. ತೊಡಕು ಹುಟ್ಟುವುದು ಕುದಿ ಬಂದ ಮೇಲಿನ ಹಂತಗಳಲ್ಲಿ, ಅಂದರೆ ಬಾಟಲಿಗೆ ಬೀಳುವ ನೀರು ಯಾವುದು, ಹಾಲಿನ ಪುಡಿ ಎಷ್ಟು, ಅವೆರಡೂ ಬೆರೆಯುವಾಗ ನೀರಿನ ಬಿಸಿ ಎಷ್ಟಿತ್ತು, ಬೆರೆತ ಹಾಲು ಎಷ್ಟು ಹೊತ್ತು ಹೊರಗಿತ್ತು ಎಂಬಲ್ಲಿ. ಬಾಟಲಿಯನ್ನು ಶ್ರದ್ಧೆಯಿಂದ ಕುದಿಸುವ ಮನೆಗಳಲ್ಲೂ ಕೂಸಿಗೆ ಭೇದಿ ತಗಲುವುದಕ್ಕೆ ಕಾರಣ ಬಹುಮಟ್ಟಿಗೆ ಇಲ್ಲಿಯೇ ಇದೆ.

ಈ ವಿಷಯವನ್ನು ಎತ್ತಿಕೊಂಡಾಗ ಮೊದಲು ಹೇಳಬೇಕಾದ ಮಾತೊಂದಿದೆ, ಅದನ್ನು ಹೇಳಬೇಕೆಂದು ಕಾನೂನೂ ಬಯಸುತ್ತದೆ. 1992ರಲ್ಲಿ ಸಂಸತ್ತು ಅಂಗೀಕರಿಸಿ 1993ರ ಆಗಸ್ಟ್ 1ರಿಂದ ಜಾರಿಗೆ ಬಂದ, 2003ರಲ್ಲಿ ತಿದ್ದುಪಡಿಯಾದ ಶಿಶು ಹಾಲಿನ ಬದಲಿಗಳು, ಹಾಲೂಡುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯಿದೆಯು ಈ ಪದಾರ್ಥಗಳ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ಡಬ್ಬಿಯ ಮೇಲೆ ಮುದ್ದು ಕೂಸಿನ ಚಿತ್ರ ಹಾಕುವುದನ್ನೂ ನಿಷೇಧಿಸಿದೆ. ಜೊತೆಗೆ, ಶಿಶುವಿನ ಆಹಾರದ ಬಗ್ಗೆ ತಿಳಿವಳಿಕೆ ಕೊಡುವ ಯಾವುದೇ ಸಾಮಗ್ರಿಯಲ್ಲಿ ತಾಯಿಹಾಲಿನ ಶ್ರೇಷ್ಠತೆ, ಬಾಟಲಿ ಹಿಡಿದ ಕೂಸನ್ನು ಮತ್ತೆ ಮೊಲೆಗೆ ತರುವ ಕಷ್ಟ, ಬಾಟಲಿಯಿಂದ ಬರುವ ಆರ್ಥಿಕ ಹೊರೆ, ತಪ್ಪು ಬಳಕೆಯ ಅಪಾಯ ಇವೆಲ್ಲವೂ ಇರಬೇಕೆಂದು ವಿಧಿಸಿದೆ. ಮೊದಲ ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ಹೀಗೆ ಬರೀ ತಾಯಿಹಾಲು ಕುಡಿಯುತ್ತಿದ್ದುದು ಶೇ 63.7, ಉಳಿದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಕೂಸುಗಳ ಬಾಯಿಗೆ ನೀರೋ, ಬಾಲಘುಟ್ಟಿಯೋ, ಮೇಲುಹಾಲೋ ಬೀಳುತ್ತಿತ್ತು. ಮೇಲುಹಾಲು ಎಂದರೆ ತಾಯಿಯದಲ್ಲದ ಹಾಲು. ಅದು ಬೇಡವೆಂದು ಹೇಳಿ ಸುಮ್ಮನಾದರೆ ಅದನ್ನು ಕೊಡಲೇಬೇಕಾದ ಮನೆಯವರು ಅಂಗಡಿಯವನ ಮಾತನ್ನೂ ನೆರೆಮನೆಯ ರೂಢಿಯನ್ನೂ ನೆಚ್ಚಿಕೊಳ್ಳುತ್ತಾರೆ.

ಕೊಡಲೇಬೇಕಾದ ಸಂದರ್ಭಗಳು ಈ ಸೀಮೆಯಲ್ಲಿ ಅಪರೂಪವೇನಲ್ಲ. ತಾಯಿ ತೀರಿಕೊಂಡ ಅಥವಾ ತೀವ್ರ ಕಾಯಿಲೆಬಿದ್ದ ಮನೆಗಳು, ಅವಳಿ ಕೂಸುಗಳ ಮನೆಗಳು ಎಲ್ಲ ಕಡೆಯೂ ಇರುತ್ತವೆ. ಅವುಗಳಿಗಿಂತ ಹೆಚ್ಚು ಸಾಮಾನ್ಯವಾದದ್ದು ಕೂಲಿಯ ಕಾರಣ: ತೊಗರಿ, ಸೋಯಾ, ಉದ್ದು, ಹೆಸರಿನ ಹೊಲಗಳಿಗೆ ಅಥವಾ ಕಬ್ಬಿನ ಗದ್ದೆಗೆ ಬಾಣಂತನ ಮುಗಿಯುವ ಮುಂಚೆಯೇ ಮರಳಬೇಕಾದ ತಾಯಿ ಕೂಸನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೋಗುತ್ತಾಳೆ, ಅಜ್ಜಿಯ ಕೈಗೆ ಬಾಟಲಿ ಬರುತ್ತದೆ. ಇಲ್ಲಿಂದ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವ ಕುಟುಂಬಗಳಲ್ಲಿಯೂ ಇದೇ ಕಥೆ. ಹೀಗೆ ದೂರವಾಗುವ ತಾಯಿಯು ಹಾಲನ್ನು ಕೈಯಿಂದ ಹಿಂಡಿ ಇಟ್ಟುಹೋಗಬಹುದೆಂಬುದನ್ನು ಆಸ್ಪತ್ರೆಗಳು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಹಿಂಡಿದ ತಾಯಿಹಾಲು 25 ಡಿಗ್ರಿ ಅಥವಾ ಅದಕ್ಕಿಂತ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯಲ್ಲಿ ಆ ನಾಲ್ಕು ಗಂಟೆಯನ್ನು ಹಾಗೆಯೇ ನಂಬುವಂತಿಲ್ಲ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಬಾಟಲಿಯ ಶುದ್ಧಿಯಲ್ಲಿ ಎರಡು ಕೆಲಸಗಳಿವೆ, ಮತ್ತು ಅವುಗಳ ಅನುಕ್ರಮ ತಪ್ಪಬಾರದು. ಮೊದಲನೆಯದು ತೊಳೆಯುವುದು, ಎರಡನೆಯದು ಕುದಿಸುವುದು. ಹಾಲಿನ ಕೊಬ್ಬು ಮತ್ತು ಪ್ರೋಟೀನು ಬಾಟಲಿಯ ಒಳಮೈಗೆ ತೆಳುವಾದ ಪದರವಾಗಿ ಅಂಟಿಕೊಂಡಾಗ ಸೂಕ್ಷ್ಮಜೀವಿಗಳು ಆ ಪದರದೊಳಗೆ ಗುಂಪುಕಟ್ಟಿ ಅಂಟಾದ ಹೊದಿಕೆಯೊಂದನ್ನು ನೇಯ್ದುಕೊಳ್ಳುತ್ತವೆ. ವಿಜ್ಞಾನಿಗಳು ಜೈವಿಕ ಪೊರೆ ಎಂದು ಕರೆಯುವ ಈ ಹೊದಿಕೆಯನ್ನು ತಿಕ್ಕಿ ತೆಗೆಯದೆ ಕುದಿಸಿದರೆ ಪ್ರೋಟೀನು ಹೆಪ್ಪುಗಟ್ಟಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಕೂಸು ಹಾಲು ಬಿಟ್ಟ ಕೂಡಲೇ ಬಾಟಲಿಯನ್ನೂ ನಿಪ್ಪಲನ್ನೂ ತಣ್ಣೀರಿನಲ್ಲಿ ಜಾಲಿಸಿ, ಬಿಡಿಬಿಡಿಯಾಗಿ ಬಿಚ್ಚಿ, ಬಿಸಿನೀರು ಮತ್ತು ಸಾಬೂನಿನಲ್ಲಿ ಅದಕ್ಕೆಂದೇ ಇಟ್ಟ ಬ್ರಷ್ಷಿನಿಂದ ಉಜ್ಜಬೇಕು. ನಿಪ್ಪಲನ್ನು ಒಳಗು ಹೊರಗು ಮಾಡಿ ತಿಕ್ಕಿ, ಅದರ ತೂತಿನೊಳಗಿಂದ ನೀರು ಹಾಯಿಸಬೇಕು. ಪಾತ್ರೆ ಬೆಳಗುವ ಬೂದಿ, ಇಟ್ಟಿಗೆ ಪುಡಿ, ತಂತಿಯ ಸುರುಳಿ ಇವು ಹಿತ್ತಾಳೆಗೆ ಒಳ್ಳೆಯವು, ಪ್ಲಾಸ್ಟಿಕ್ಕಿಗೆ ಅಲ್ಲ. ಅವು ಎಳೆಯುವ ಸಣ್ಣ ಗೀರುಗಳೇ ಮರುದಿನ ಸೂಕ್ಷ್ಮಜೀವಿಗಳ ಮನೆಗಳಾಗುತ್ತವೆ.

ಕುದಿಸುವ ಪಾತ್ರೆ ಬೇರೆಯಾಗಿರುವುದು ಮೇಲು. ಎಲ್ಲ ಭಾಗಗಳೂ ಪೂರ್ತಿ ಮುಳುಗುವಷ್ಟು ಆಳದ ಬೋಗುಣಿ ಅಥವಾ ಪತೇಲಿ ಸಾಕು. ಬಾಟಲಿಯೊಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗಕ್ಕೆ ನೀರು ತಾಗುವುದಿಲ್ಲವಾದ್ದರಿಂದ ಓರೆಮಾಡಿ ಗುಳ್ಳೆ ಹೊರಡಿಸಬೇಕು. ಮುಚ್ಚಳ ಹಾಕಿ, ನೀರು ತಳದಿಂದ ಮೇಲಕ್ಕೆ ಉರುಳಿ ಉರುಳಿ ಕುದಿಯಲು ಶುರುವಾದ ಮೇಲೆ ಹತ್ತು ನಿಮಿಷ ಹಿಡಿದರೆ ಮನೆಯ ಮಟ್ಟಿಗೆ ಸಾಲುತ್ತದೆ. ಗ್ಯಾಸ್ ಒಲೆಯಲ್ಲಿ ಇದು ಸುಲಭ. ತೊಗರಿಯ ಕಟ್ಟಿಗೆ ಇನ್ನೂ ಒಲೆಗೆ ಬೀಳುವ ಮನೆಗಳಲ್ಲಿ ಉರಿ ಬೇಗ ಎದ್ದು ಬೇಗ ಇಳಿಯುವುದರಿಂದ ಕುದಿ ನಡುವೆ ನಿಂತುಹೋಗದಂತೆ ನೋಡಿಕೊಳ್ಳಬೇಕಾಗುತ್ತದೆ. ಬಳಸುವವರೆಗೂ ಬಾಟಲಿಯನ್ನು ಆ ಮುಚ್ಚಿದ ಪಾತ್ರೆಯಲ್ಲಿಯೇ ಬಿಡುವುದು ಅತ್ಯಂತ ಸುರಕ್ಷಿತ. ಹೊರತೆಗೆದು ಸೆರಗಿನಿಂದಲೋ ಅಡುಗೆಯ ಅರಿವೆಯಿಂದಲೋ ಒರೆಸಿದರೆ ಹತ್ತು ನಿಮಿಷದ ಉರಿ ದಂಡ. ಕೈಯನ್ನು ಸಾಬೂನಿನಿಂದ ತೊಳೆದುಕೊಂಡು, ಜೊತೆಗೇ ಕುದಿಸಿದ ಇಕ್ಕಳದಿಂದ ಎತ್ತಿ, ನೀರು ಝಾಡಿಸಿ ಜೋಡಿಸಬೇಕು. ಹಬೆಯ ಯಂತ್ರಗಳು ಮತ್ತು ಕ್ಲೋರಿನ್ ದ್ರಾವಣಗಳು ಪಟ್ಟಣಗಳ ಔಷಧದಂಗಡಿಗಳಲ್ಲಿ ಸಿಗುತ್ತವಾದರೂ ಅವು ಕುದಿಸುವುದಕ್ಕಿಂತ ಉತ್ತಮವೇನಲ್ಲ, ಅನುಕೂಲವಷ್ಟೇ.

ಹೀಗೆ ಕುದಿಸಿದ ಬಾಟಲಿ ಶಾಸ್ತ್ರೀಯ ಅರ್ಥದಲ್ಲಿ ಸಂಪೂರ್ಣ ನಿರ್ಜೀವವಾಗಿರುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಪ್ರತಿಕೂಲ ಪರಿಸ್ಥಿತಿಯಲ್ಲಿ ಸ್ಪೋರ್ ಎಂಬ ಗಟ್ಟಿ ಕವಚದ ಸುಪ್ತ ರೂಪ ತಾಳುತ್ತವೆ, ಅವು ಕುದಿಯುವ ನೀರಿನಲ್ಲೂ ಬದುಕುತ್ತವೆ. ಚೆನ್ನಾಗಿ ತೊಳೆದ ಬಾಟಲಿಯಲ್ಲಿ ಅವು ಉಳಿದರೂ ಆಹಾರವಿಲ್ಲದೆ ಏನೂ ಮಾಡಲಾರವು. ಆದರೆ ಬೆಚ್ಚಗಿನ ಹಾಲು ಗಂಟೆಗಟ್ಟಲೆ ನಿಂತರೆ ಮೊಳೆಯುತ್ತವೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ರೂಢಿಯನ್ನು ವೈದ್ಯರು ವಿರೋಧಿಸುವುದಕ್ಕೂ ಸ್ಪೋರುಗಳೇ ಕಾರಣ: ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಸ್ಪೋರು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ನರಗಳಿಗೆ ವಿಷವಾಗಬಲ್ಲದು.

ಇನ್ನು ಬಾಟಲಿಗೆ ಬೀಳುವ ನೀರಿನ ಮಾತು. ಕಾರಂಜಾ ಮತ್ತು ಚುಳಕಿನಾಲಾ ಜಲಾಶಯಗಳಿರುವ ಈ ಸೀಮೆಯಲ್ಲಿಯೂ ಬಹಳಷ್ಟು ಹಳ್ಳಿಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಕಪ್ಪುಮಣ್ಣಿನ ಕೆಳಗಿನ ಬಸಾಲ್ಟ್ ಶಿಲೆಯಿಂದ ಬರುವ ನೀರು ಸಾಮಾನ್ಯವಾಗಿ ಗಡುಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಕುದಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು ಸುಣ್ಣದಂಥ ಬಿಳಿಯ ಕಾರ್ಬೊನೇಟಾಗಿ ಪಾತ್ರೆಗೂ ಬಾಟಲಿಗೂ ಅಂಟುತ್ತದೆ. ಈ ಬಿಳಿ ಪೊರೆಯನ್ನು ಕೊಳೆಯೆಂದು ಗಾಬರಿಪಡುವವರು ಇದ್ದಾರೆ. ಅದು ವಿಷವಲ್ಲ, ಆದರೆ ಹಾಲಿನ ಕೊಬ್ಬು ಅದರ ಒರಟು ಮೈಯನ್ನು ಹಿಡಿದುಕೊಳ್ಳುವುದರಿಂದ ಆಗಾಗ ನಿಂಬೆರಸ ಅಥವಾ ವಿನೆಗರ್ ಹಾಕಿ ನೆನೆಸಿ ತೆಗೆಯುವುದು ಒಳ್ಳೆಯದು.

ಕಣ್ಣಿಗೆ ಕಾಣುವ ಸುಣ್ಣಕ್ಕಿಂತ ಕಾಣದ ನೈಟ್ರೇಟ್ ಹೆಚ್ಚು ಯೋಚಿಸಬೇಕಾದ ವಸ್ತು. ಹೊಲದ ಗೊಬ್ಬರ, ತಿಪ್ಪೆ, ಶೌಚಗುಂಡಿಗಳಿಂದ ಇಂಗಿ ಅಂತರ್ಜಲ ಸೇರುವ ಈ ಲವಣವು ಮಿತಿ ಮೀರಿರುವ ಬಾವಿಗಳು ಕರ್ನಾಟಕದ ಹಲವು ಜಿಲ್ಲೆಗಳಲ್ಲಿವೆ. ಭಾರತೀಯ ಕುಡಿಯುವ ನೀರಿನ ಮಾನಕ ನಿಗದಿಪಡಿಸಿದ ಗರಿಷ್ಠ ಮಿತಿ ಲೀಟರಿಗೆ 45 ಮಿಲಿಗ್ರಾಂ. ಎಳೆಯ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನ್ನಿನ ಆಮ್ಲಜನಕ ಹೊರುವ ಶಕ್ತಿಯನ್ನು ಕೆಡಿಸಿದಾಗ ಕೂಸಿನ ತುಟಿ–ಉಗುರುಗಳು ನೀಲಿಗಟ್ಟುತ್ತವೆ. ಬಾವಿನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದ ಕೂಸುಗಳಲ್ಲಿ ಈ ಕಾಯಿಲೆಯನ್ನು ಅಮೆರಿಕದ ಅಯೋವಾದಲ್ಲಿ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಮೊದಲು ವಿವರಿಸಿದರು. ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಕುದಿಸುವುದರಿಂದ ನೈಟ್ರೇಟಾಗಲಿ ಫ್ಲೋರೈಡಾಗಲಿ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಒಂದೇ ನೀರನ್ನು ಮತ್ತೆ ಮತ್ತೆ ಕಾಯಿಸಿ ಬಳಸಬಾರದೆಂಬುದು ಈ ಕಾರಣದಿಂದ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ವಿಲೋಮ ಪರಾಸರಣ ವಿಧಾನದಿಂದ, ಅಂದರೆ ಅತಿಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ನೀರು ಹಾಯಿಸಿ, ಈ ಲವಣಗಳನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಆದರೆ ಆ ನೀರು ಕ್ಯಾನಿನಲ್ಲಿ, ಕೊಡದಲ್ಲಿ, ಲೋಟ ಅದ್ದುವ ಕೈಯಲ್ಲಿ ಮತ್ತೆ ಕಲುಷಿತವಾಗುತ್ತದೆ. ಕೂಸಿನ ಹಾಲಿಗೆ ಘಟಕದ ನೀರು ತಂದವರೂ ಅದನ್ನು ಕುದಿಸಬೇಕು. ಘಟಕವಿದ್ದರೆ ಕುದಿಸುವುದು ಬೇಡ, ಕುದಿಸಿದರೆ ಘಟಕ ಬೇಡ ಎಂಬ ಎರಡೂ ತಿಳಿವಳಿಕೆಗಳು ಅರೆಬರೆಯವು.

ಇದಿಷ್ಟನ್ನೂ ಸರಿಯಾಗಿ ಮಾಡಿದ ಮನೆಗಳಲ್ಲಿ ಕೂಡ ಸಾಮಾನ್ಯವಾಗಿ ತಪ್ಪುವ ಹಂತವೊಂದಿದೆ. ಪುಡಿಹಾಲಿನ ಡಬ್ಬಿ ಮೊಹರು ಒಡೆಯುವವರೆಗೂ ನಿರ್ಜೀವವೆಂದು ಜನ ಭಾವಿಸುತ್ತಾರೆ, ಅದು ನಿಜವಲ್ಲ. ಈಗಿನ ತಯಾರಿಕಾ ವಿಧಾನಗಳಿಂದ ಪುಡಿಯನ್ನು ಸಂಪೂರ್ಣ ನಿರ್ಜೀವಗೊಳಿಸುವುದು ಸಾಧ್ಯವಾಗಿಲ್ಲ. ಒಣಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲ ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ನವಜಾತ ಶಿಶುಗಳಿಗೆ ಮಿದುಳುಪೊರೆಯ ಉರಿಯೂತ ತರುತ್ತದೆ, ಎರಡು ತಿಂಗಳೊಳಗಿನ ಮತ್ತು ತೂಕ ಕಡಿಮೆಯಿರುವ ಕೂಸುಗಳಿಗೆ ಅದು ಹೆಚ್ಚು ಮಾರಕ. ಈ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಪುಡಿಗೆ ಬೆರೆಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಕೂಡದು ಎಂದಿತು. ಅನೇಕ ಡಬ್ಬಿಗಳ ಮೇಲೆ ನೀರನ್ನು ಕುದಿಸಿ ಉಗುರುಬೆಚ್ಚಗೆ ಆರಿಸಿ ಪುಡಿ ಹಾಕಿ ಎಂದು ಬರೆದಿರುತ್ತದೆ. ಉಗುರುಬೆಚ್ಚಗಿನ ನೀರು ಪುಡಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲದೆ, ಅದಕ್ಕೆ ಬೇಕಾದ ಬಿಸಿಯನ್ನು ಒದಗಿಸಿಕೊಡುತ್ತದೆ. ಬಿಸಿನೀರಿನಿಂದ ಕೆಲವು ಜೀವಸತ್ವಗಳು ಸ್ವಲ್ಪ ಕಡಿಮೆಯಾಗುತ್ತವೆಂಬ ಆಕ್ಷೇಪಣೆ ಇದೆ, ಆದರೆ ಎರಡನ್ನೂ ತೂಗಿ ನೋಡಿದಾಗ ಎಳೆಗೂಸಿನ ಮಟ್ಟಿಗೆ ಮಾರ್ಗಸೂಚಿಯ ಮಾತೇ ಒಪ್ಪತಕ್ಕದ್ದು.

ಉಷ್ಣಮಾಪಕವಿಲ್ಲದ ಅಡುಗೆಮನೆಯಲ್ಲಿ 70 ಡಿಗ್ರಿಯನ್ನು ಗುರುತಿಸುವ ಬಗೆಯನ್ನೂ ಮಾರ್ಗಸೂಚಿ ಸೂಚಿಸಿದೆ: ಕುದಿದ ನೀರನ್ನು ಮುಚ್ಚಿಟ್ಟು ಅರ್ಧ ಗಂಟೆಯೊಳಗೆ ಬಳಸಬೇಕು. ಕಾಯಿಸಿದ ನೀರು ಒಂದು ಲೀಟರಿನಷ್ಟಾದರೂ ಇದ್ದಾಗ ಈ ಲೆಕ್ಕ ಸರಿಹೋಗುತ್ತದೆ. ಸಣ್ಣ ಲೋಟದಷ್ಟು ನೀರು ಕಾಯಿಸಿದರೆ ಅದು ಬೇಗನೆ ಆರುತ್ತದೆ. ಅಳತೆಯ ನೀರು ಬಾಟಲಿಗೆ ಮೊದಲು ಬೀಳಬೇಕು, ಪುಡಿ ಆಮೇಲೆ. ಪುಡಿ ಹಾಕಿದ ಮೇಲೆ ಗೆರೆಯವರೆಗೆ ನೀರು ತುಂಬಿದರೆ ಹಾಲು ಗಟ್ಟಿಯಾಗುತ್ತದೆ. ಅಲ್ಲಾಡಿಸಿ ಬೆರೆಸಿದ ಬಾಟಲಿಯನ್ನು ತಣ್ಣೀರಿನ ಬೋಗುಣಿಯಲ್ಲಿ ಕುತ್ತಿಗೆಯ ಕೆಳಗಿನ ಮಟ್ಟದವರೆಗೆ ಇಟ್ಟು ಆರಿಸಿ, ಹೊರಮೈ ಒರೆಸಿ, ಮಣಿಕಟ್ಟಿನ ಮೇಲೆ ಒಂದೆರಡು ಹನಿ ಬಿಟ್ಟು ಬಿಸಿ ನೋಡಿದ ನಂತರವೇ ಕುಡಿಸಬೇಕು. 70 ಡಿಗ್ರಿಯ ಹಾಲು ಕೂಸಿನ ಬಾಯಿ ಸುಡುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲವಾದರೂ ಅವಸರದಲ್ಲಿ ಮರೆಯುವ ಹಂತ ಇದೇ.

ಪುಡಿಯ ಅಳತೆಗೆ ವಿಜ್ಞಾನಕ್ಕಿಂತ ಅರ್ಥಶಾಸ್ತ್ರ ಹೆಚ್ಚು ಅಡ್ಡಬರುತ್ತದೆ. ಭಾರತದ ಬಹುತೇಕ ಡಬ್ಬಿಗಳಲ್ಲಿ 30 ಮಿಲಿಲೀಟರ್ ನೀರಿಗೆ ಡಬ್ಬಿಯೊಳಗಿನ ಚಮಚದಿಂದ ಮಟ್ಟಸವಾಗಿ ಸವರಿದ ಒಂದು ಅಳತೆ ಎಂದಿರುತ್ತದೆ, ಆದರೂ ಪ್ರತಿ ಡಬ್ಬಿಯ ಸೂಚನೆಯನ್ನು ಓದಿಯೇ ಮುಂದುವರಿಯಬೇಕು. ನಾಲ್ಕು ಕಿಲೋ ತೂಗುವ, ಪೂರ್ತಿ ಪುಡಿಹಾಲನ್ನೇ ಕುಡಿಯುವ ಕೂಸಿಗೆ ಕಿಲೋವಿಗೆ 150 ಮಿಲಿಲೀಟರ್‌ನಂತೆ ದಿನಕ್ಕೆ ಸುಮಾರು 600 ಮಿಲಿಲೀಟರ್ ಹಾಲು ಬೇಕು. ಅದಕ್ಕೆ ಹಿಡಿಯುವ ಪುಡಿ ಸುಮಾರು 80 ಗ್ರಾಂ. ಅಂದರೆ 400 ಗ್ರಾಮಿನ ಒಂದು ಡಬ್ಬಿ ಐದು ದಿನಕ್ಕೆ ಮುಗಿಯುತ್ತದೆ, ತಿಂಗಳಿಗೆ ಆರು ಡಬ್ಬಿ ಬೇಕಾಗುತ್ತದೆ. ಕೂಲಿಯ ಮನೆ ಈ ಖರ್ಚನ್ನು ತಾಳಲಾರದೆ ಅದೇ ಡಬ್ಬಿಯನ್ನು ಹತ್ತು ದಿನಕ್ಕೆ ಎಳೆದಾಗ ಕೂಸಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಕೂಸು ಬೇಗ ದಪ್ಪಗಾಗಲೆಂದು ರಾಶಿ ಚಮಚ ಹಾಕಿದರೆ ಹಾಲಿನಲ್ಲಿ ಲವಣಗಳ ಪ್ರಮಾಣ ಹೆಚ್ಚಿ, ಬೇಸಿಗೆಯಲ್ಲಿ ಮೊದಲೇ ಬೆವರಿ ಬತ್ತಿದ ಕೂಸಿನ ಮೂತ್ರಪಿಂಡಕ್ಕೆ ಅದು ಭಾರವಾಗುತ್ತದೆ.

ಹಳ್ಳಿಗಳಲ್ಲಿ ಬಾಟಲಿಯೊಳಗೆ ಪುಡಿಹಾಲಿನ ಬದಲು ನೀರು ಬೆರೆಸಿದ ಎಮ್ಮೆಯ ಅಥವಾ ಆಕಳ ಹಾಲಿರುವುದೂ ಉಂಟು. ದೇವಣಿ ತಳಿಯ ದನಗಳ ತವರಾದ ಬೀದರಿನಲ್ಲಿ ಮನೆಯ ಕೊಟ್ಟಿಗೆಯ ಹಾಲಿನ ಮೇಲೆ ನಂಬಿಕೆ ಸಹಜ. ಆದರೆ ಎಮ್ಮೆಯ ಹಾಲಿನಲ್ಲಿ ಪ್ರೋಟೀನು ತಾಯಿಹಾಲಿನ ಮೂರು–ನಾಲ್ಕು ಪಟ್ಟು, ಕೊಬ್ಬು ಸುಮಾರು ಎರಡು ಪಟ್ಟು. ನೀರು ಬೆರೆಸಿದರೆ ಇವು ತಗ್ಗುತ್ತವೆ, ಕಬ್ಬಿಣದ ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ. ಎಮ್ಮೆಯ ಹಾಲನ್ನು ಶಿಶುವಿಗೆ ಒಗ್ಗುವಂತೆ ಮಾರ್ಪಡಿಸಿ ಪುಡಿಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಗುಜರಾತಿನ ಆಣಂದ್‌ನ ಸಹಕಾರಿ ಡೇರಿ ಅದನ್ನು ಕಾರ್ಖಾನೆಗೆ ಇಳಿಸಿತು. ಪ್ರಯೋಗಾಲಯಕ್ಕೆ ಅಷ್ಟೊಂದು ದುಡಿಮೆ ಬೇಕಾದ ಮಾರ್ಪಾಟನ್ನು ಒಂದು ಲೋಟ ನೀರು ಮತ್ತು ಒಂದು ಚಮಚ ಸಕ್ಕರೆಯಿಂದ ಸಾಧಿಸಲಾಗದು.

ಬೆರೆಸಿದ ಹಾಲಿನ ಆಯುಷ್ಯ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆಂದು ಲೆಕ್ಕ ಹಿಡಿದರೆ ಒಂದು ಕಣ ನಾಲ್ಕು ಗಂಟೆಯಲ್ಲಿ 256 ಆಗುತ್ತದೆ. ಬೇಸಿಗೆಯಲ್ಲಿ ಈ ವೇಗ ಇನ್ನೂ ಹೆಚ್ಚು. ಕೂಸು ಕುಡಿದುಬಿಟ್ಟ ಹಾಲಿನಲ್ಲಿ ಅದರ ಜೊಲ್ಲೂ ಸೇರಿರುವುದರಿಂದ ಉಳಿದದ್ದನ್ನು ಚೆಲ್ಲಲೇಬೇಕು. ತಿಂಗಳಿಗೆ ಆರು ಡಬ್ಬಿ ಕೊಳ್ಳುವ ಮನೆಗೆ ಹಾಲು ಚೆಲ್ಲು ಎನ್ನುವುದು ಸುಲಭದ ಮಾತಲ್ಲ, ಆದ್ದರಿಂದ ಒಂದು ಸಲಕ್ಕೆ ಸ್ವಲ್ಪವೇ ಕಲಸುವುದು ಜಾಣತನ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟವರು ಬಿಸಿ ಹಾಲನ್ನು ಥರ್ಮಾಸಿನಲ್ಲಿ ತುಂಬಿಕೊಂಡು ಹೋಗುವ ರೂಢಿ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಥರ್ಮಾಸು ಹಾಲನ್ನು ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಬಿಸಿಯಲ್ಲಿಯೇ ಗಂಟೆಗಟ್ಟಲೆ ಹಿಡಿದಿಡುತ್ತದೆ. ಥರ್ಮಾಸಿನಲ್ಲಿ ಕುದಿವ ನೀರನ್ನೂ ಕುದಿಸಿ ಒಣಗಿಸಿದ ಡಬ್ಬಿಯಲ್ಲಿ ಅಳೆದ ಪುಡಿಯನ್ನೂ ಬೇರೆಬೇರೆ ಒಯ್ದು, ಹಸಿವಾದಾಗ ಬೆರೆಸಿ, ಆರಿಸಿ ಕೊಡುವುದು ಸರಿಯಾದ ಕ್ರಮ.

ಕೊಳ್ಳುವ ಬಾಟಲಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 14625 ಗುರುತಿರಬೇಕು. 2015ರಲ್ಲಿ ಪರಿಷ್ಕೃತವಾದ ಈ ಮಾನಕವು ಬಿಸ್ಫಿನಾಲ್–ಎ ಎಂಬ ರಾಸಾಯನಿಕ ಸೋರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಹೊರಗಿಟ್ಟಿದೆ. ಸಂತೆಯ ಗುರುತಿಲ್ಲದ ಬಾಟಲಿಯನ್ನು ಕುದಿನೀರಿಗೆ ಹಾಕುವುದು ಎರಡು ಪಟ್ಟು ತಪ್ಪು. ಉದ್ದ ಕೊಳವೆಯಿರುವ ಬಾಟಲಿಗಳನ್ನಂತೂ ಕೊಳ್ಳಲೇಬಾರದು: 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ರಬ್ಬರ್ ಕೊಳವೆಯ ಬಾಟಲಿಗಳು ಒಳಗೆ ತೊಳೆಯಲಾಗದ ಕಾರಣಕ್ಕೇ ಕೊಲೆಗಾರ ಬಾಟಲಿಗಳೆಂಬ ಕುಖ್ಯಾತಿ ಪಡೆದವು, ಫ್ರಾನ್ಸ್ ಅವನ್ನು 1910ರಲ್ಲಿ ನಿಷೇಧಿಸಿತು.

ಇಷ್ಟೆಲ್ಲ ಜಾಗರೂಕತೆ ಬೇಡುವ ಬಾಟಲಿಗಿಂತ ಸರಳವಾದ ಸಾಧನ ಕನ್ನಡನಾಡಿನಲ್ಲಿ ಹಿಂದಿನಿಂದಲೂ ಇತ್ತು. ಒಳಲೆ ಎಂದು ಕನ್ನಡದಲ್ಲಿಯೂ ಬೊಂಡಲೆ ಎಂದು ಗಡಿಯ ಮರಾಠಿಯಲ್ಲಿಯೂ ಹೆಸರಾದ, ಒಂದು ಬದಿಗೆ ಚುಂಚಿನಂತೆ ಚಾಚಿದ ಬೆಳ್ಳಿಯ ಅಥವಾ ಹಿತ್ತಾಳೆಯ ಪುಟ್ಟ ಪಾತ್ರೆಯಲ್ಲಿ ನಿಪ್ಪಲಿಲ್ಲ, ಸಂದಿಗೊಂದಿಯಿಲ್ಲ, ತೆರೆದ ಒಳಮೈಗೆ ಬೆರಳು ಸಲೀಸಾಗಿ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಹಿಂಡಿದ ತಾಯಿಹಾಲು ಕುಡಿಸಲು ಭಾರತದ ನವಜಾತ ಶಿಶು ಘಟಕಗಳು ಇಂದಿಗೂ ಇದರ ಸ್ಟೀಲ್ ರೂಪವನ್ನು ಬಳಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ ಮೇಲುಹಾಲಿಗೆ ಬಾಟಲಿಗಿಂತ ತೆರೆದ ಬಟ್ಟಲನ್ನೇ ಮೆಚ್ಚುತ್ತದೆ. ಕೂಸನ್ನು ಎತ್ತಿ ಕೂರಿಸಿಕೊಂಡು ಅದು ನುಂಗುವ ವೇಗಕ್ಕೆ ಕುಡಿಸಬೇಕಾದ್ದರಿಂದ ಒಳಲೆಗೆ ಬಾಟಲಿಗಿಂತ ಹೆಚ್ಚು ಹೊತ್ತು ಮತ್ತು ತಾಳ್ಮೆ ಬೇಕು, ಮಲಗಿದ ಕೂಸಿನ ಬಾಯಿಗೆ ಸುರಿದರೆ ನೆತ್ತಿಗೇರುವ ಅಪಾಯವೂ ಇದೆ. ಮನೆಯಲ್ಲಿ ಬಿಡುವಿರುವ ಅಜ್ಜಿಯರಿಗೆ ಈ ತಾಳ್ಮೆ ಹೊಸದಲ್ಲ, ಮತ್ತು ಈ ಸೀಮೆಯಲ್ಲಿ ಕೂಸನ್ನು ನೋಡಿಕೊಳ್ಳುವವರು ಹೆಚ್ಚಾಗಿ ಅವರೇ.

1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ತಾಯಿಹಾಲಿನ ಬದಲಿಗಳ ಮಾರಾಟದ ಅಂತರರಾಷ್ಟ್ರೀಯ ಸಂಹಿತೆಯು ಮೇಲುಹಾಲು ತಯಾರಿಸುವ ಬಗೆಯನ್ನು ಆರೋಗ್ಯ ಕಾರ್ಯಕರ್ತರು ಅಥವಾ ಅಗತ್ಯಬಿದ್ದರೆ ಸಮುದಾಯದ ಇತರ ಕಾರ್ಯಕರ್ತರು ಮಾತ್ರ, ಅದೂ ಅಗತ್ಯವಿರುವ ತಾಯಿ ಮತ್ತು ಮನೆಯವರಿಗೆ ಮಾತ್ರ, ಕೈಯಾರೆ ಮಾಡಿ ತೋರಿಸಬೇಕೆಂದೂ ತಪ್ಪಿದರೆ ಆಗುವ ಅಪಾಯವನ್ನು ವಿವರಿಸಬೇಕೆಂದೂ ಹೇಳುತ್ತದೆ. ಪ್ರಚಾರಕ್ಕೆ ಇರುವ ನಿಷೇಧವನ್ನು ಕಲಿಸುವುದಕ್ಕೂ ಇದೆಯೆಂದು ತಪ್ಪಾಗಿ ತಿಳಿದು ಸುಮ್ಮನಿರುವ ಆರೋಗ್ಯ ಸಿಬ್ಬಂದಿ ಈ ಮಾತನ್ನು ಗಮನಿಸಬೇಕು. ಬಸವಕಲ್ಯಾಣ ಮತ್ತು ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ, ಹುಲಸೂರು–ಚಿಟಗುಪ್ಪಗಳ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆಯಾಗಿ ಮನೆಗೆ ಮರಳುವವರ ಪೈಕಿ ಮೇಲುಹಾಲು ಅನಿವಾರ್ಯವಾದವರಿಗೆ ನೀರಿನ ಮೂಲ, 70 ಡಿಗ್ರಿ, ಮಟ್ಟಸ ಚಮಚ, ಎರಡು ಗಂಟೆ ಈ ನಾಲ್ಕು ವಿಷಯಗಳನ್ನು ಕನ್ನಡ, ಮರಾಠಿ, ಉರ್ದುಗಳಲ್ಲಿ ಅಚ್ಚುಮಾಡಿದ ಒಂದು ಹಾಳೆ ಸಿಗಬೇಕು, ಅದನ್ನು ತಾಯಿಯ ಕೈಗಷ್ಟೇ ಕೊಡದೆ ಅಜ್ಜಿಗೂ ಓದಿ ಹೇಳಬೇಕು.